ಡಾಕ್ಟರು ನುಂಗಿದ ‘ಟ್’

೧
ಎಲ್ಲಿಂದ ಶುರು ಮಾಡಲಿ? ಇಂಗ್ಲಿಷಿನಿಂದ ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಟೈಪಿಸ್ಟಿನಿಂದ ಮಾಡುತ್ತೇನೆ. ಡಾಕ್ಟರು ಇಂಗ್ಲಿಷಿನಲ್ಲಿ ಗಡಗಡನೆ ಹೇಳಿ ರೆಕಾರ್ಡ್ ಮಾಡಿಟ್ಟದ್ದನ್ನು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು ಟೈಪ್ ಮಾಡುವುದು ಅವಳ ಕೆಲಸ. ವ್ಯಾಕರಣ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು. ಜನ ಆಡುವ ಇಂಗ್ಲಿಷ್ ಮಾತ್ರ ದಕ್ಕಿಲ್ಲ. (ನನಗೂ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

೨
ಇವತ್ತಿನ ಫೈಲು ಅವಳ ಸ್ವಂತ ಅಕ್ಕನದು, ಹೃದಯದ ಕೇಸು. ಕೊನೆಯ ವಾಕ್ಯ: ‘ಶಿ ಕ್ಯಾನ್ ಗೋ ಹೋಮ್.’ ಕ್ಯಾನೋ, ಕ್ಯಾನ್ಟೋ? ಹೋಗಬಹುದೋ, ಹೋಗಬಾರದೋ? (ಬ್ರಿಟಿಷರ ಹಾಗೆ ‘ಕಾಂಟ್’ ಎಂದು ಎಳೆಯುವ ಡಾಕ್ಟರಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

ಇಂಗ್ಲಿಷ್ ಮೇಡಂ ಒಂದು ಸೂತ್ರ ಕೊಟ್ಟಿದ್ದರು: ಬೇಗ ಮಾತಾಡುವಾಗ ‘ಟ್’ ಕೇಳಿಸುವುದಿಲ್ಲ, ‘ಕನ್’ ಎಂದು ಮೊಟಕಾದರೆ ಹೌದು, ‘ಕ್ಯಾನ್’ ಎಂದು ತುಂಬಿ ಬಂದರೆ ಇಲ್ಲ. ಆದರೆ ಒತ್ತಿ ಹೇಳಿದರೆ ಹೌದು ಕೂಡ ತುಂಬಿಯೇ ಬರುತ್ತದೆ. ಈ ಡಾಕ್ಟರು ಒತ್ತಿದರೋ, ‘ಟ್’ ನುಂಗಿದರೋ? ಬಾಗಿಲಲ್ಲಿ ಅಕ್ಕ ಚಪ್ಪಲಿ ಮೆಟ್ಟಿ, ಚೀಲ ಹಿಡಿದು ಕಾಯುತ್ತಿದ್ದಾಳೆ. ತಪ್ಪು ಅಕ್ಷರ ಬಿದ್ದರೆ ಅವಳ ಜೀವಕ್ಕೇ ಕುತ್ತು.

೩ (ಹರಿದ ಕರಡು)
ಟೈಪಿಸ್ಟ್ ಡಾಕ್ಟರಿಗೆ ಫೋನ್ ಮಾಡಿ ಕೇಳಿದಳು. ಮುಗಿಯಿತು.

ಇದೆಂಥ ಕಥೆ ಎನಿಸಿ, ಡಾಕ್ಟರನ್ನು ವಿಮಾನ ಹತ್ತಿಸಿ ಫೋನ್ ಆಫ್ ಮಾಡಿಸಿದೆ. ಟೈಪಿಸ್ಟ್ ನನ್ನ ಕಡೆ ತಿರುಗಿದಳು.

“ನಿಮ್ಮ ಕಥೆ ಉದ್ದ ಆಗ್ಲಿ ಅಂತ ನಮ್ಮಕ್ಕನ್ನ ಬಾಗಿಲಲ್ಲಿ ನಿಲ್ಲಿಸಿದೀರಾ?”

ನಾಚಿಕೆಯಾಯಿತು. ಸದ್ಯಕ್ಕೆ ‘ಹೋಗಬಾರದು’ ಎಂದೇ ಬರೆ, ವಿಮಾನ ಇಳಿಯಲಿ ಎಂದೆ. ಹಾಗೆ ಬರೆಸಿಕೊಂಡವರು ಅಕ್ಕನ ವಾರ್ಡಿನಿಂದ ಆಮೇಲೆ ಯಾರೂ ಮನೆಗೆ ಹೋಗಿಲ್ಲ ಎಂದಳು. ಇದನ್ನು ನಾನು ಬರೆದಿರಲಿಲ್ಲ.

೪
ಅವಳು ಹೆಡ್‌ಫೋನ್ ಸಿಕ್ಕಿಸಿಕೊಂಡು ಮತ್ತೆ ಮತ್ತೆ ಕೇಳಿದಳು. ಏಳನೇ ಸಲ ‘ಕ್ಯಾನ್’ಗೂ ‘ಗೋ’ಗೂ ನಡುವೆ ಸಣ್ಣ ಸಂದು ಸಿಕ್ಕಿತು. ಹತ್ತನೇ ಸಲ ಅದು ಅಗಲವಾಗಿತ್ತು, ಒಳಗೆ ಯಾರೋ ಉಸಿರಾಡುತ್ತಿದ್ದರು.

ಹೆದರಬೇಡ, ನಮ್ಮ ಕನ್ನಡದಲ್ಲೂ ಲೋಪಸಂಧಿ ಇದೆಯಲ್ಲ ಎಂದೆ. ‘ಊರು’, ‘ಅಲ್ಲಿ’ ಸೇರಿದರೆ ‘ಊರಲ್ಲಿ’. ಒಂದು ಉಕಾರ ಹೋಗುತ್ತದೆ, ಅಷ್ಟೆ.

“ಹೋಗಿ ಎಲ್ಲಿರುತ್ತೆ?”

ಶಾಲೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

“ಈ ಸಂದಿನೊಳಗೆ ತುಂಬಾ ಜನ ಇದಾರೆ,” ಎಂದಳು. “ಒಬ್ರು ಈಗ ಈ ಕಥೆ ಓದ್ತಾ ಇದಾರೆ.”

(ನೀವು ಸ್ವಲ್ಪ ಉಸಿರು ಹಿಡಿಯಿರಿ. ಅವಳಿಗೆ ‘ಟ್’ ಕೇಳಿಸಲಿ.)

೫
ಅಂತ್ಯ ಒಂದು: ಹೋಗುತ್ತಾಳೆ. ಸಂಜೆ ಮನೆಯಲ್ಲಿ ಚಪ್ಪಲಿ ಇದೆ, ಅಕ್ಕ ಇಲ್ಲ.

ಅಂತ್ಯ ಎರಡು: ಉಳಿಯುತ್ತಾಳೆ. ಹಾಸಿಗೆ ಇದೆ, ಅಕ್ಕ ಇಲ್ಲ.

ಎರಡನ್ನೂ ಹೊಡೆದು ಹಾಕಿದೆ. ಕನ್ನಡದಲ್ಲಿ ಈ ಗೊಂದಲವಿಲ್ಲ, ಸ್ಪಷ್ಟವಾಗಿ ಬರೆದೇಬಿಡೋಣ ಎಂದು ಅವಳ ಪಕ್ಕ ಕೂತು ಕೀಲಿ ಒತ್ತಿದೆ:

ಅಕ್ಕ ಮನೆಗೆ ಹೋಗಬ

ಕೈ ನಿಂತಿತು. ಇಲ್ಲಿಯವರೆಗೆ ‘ಹೋಗಬಹುದು’, ‘ಹೋಗಬಾರದು’ ಎರಡೂ ಒಂದೇ. ಮುಂದಿನದು ನನಗೂ ಗೊತ್ತಿಲ್ಲ. ಟೈಪಿಸ್ಟ್ ಅಷ್ಟನ್ನೇ ಗಟ್ಟಿಯಾಗಿ ಓದಿದಳು.

“ಏನಂದೆ?” ಎಂದಳು ಅಕ್ಕ. ಅವಳ ಒಂದು ಕಾಲು ಆಗಲೇ ಹೊಸ್ತಿಲಾಚೆ ಇತ್ತು. “ಕೊನೇದು ಕೇಳಿಸ್ಲಿಲ್ಲ.”