ಕಚ್ಚಿದ ಕುರಬಿಯೆ

ಕುರಿಬೆಣ್ಣೆಯನ್ನು ಕಾಯಿಸಿ, ನೊರೆ ತೆಗೆದು, ತಳದ ಗಸಿ ಕದಡದಂತೆ ಬಗ್ಗಿಸಿ, ಒಂದು ಇಡೀ ದಿನ ತಣ್ಣಗೆ ಇಟ್ಟರೆ ಅದು ಹಳದಿ ಮೇಣದಂತೆ ಗಟ್ಟಿಯಾಗುತ್ತದೆ. ಕ್ರಿಸ್ಮಸ್ಸಿಗೆಂದು ಸುಟ್ಟು ಮೇಲೆ ಸಕ್ಕರೆ ಪುಡಿ ಉದುರಿಸುವ ಬಾದಾಮಿ ಬಿಸ್ಕತ್ತು, ಕುರಬಿಯೆಗೆ ಬೇಕಾದದ್ದು ಆ ಬೆಣ್ಣೆ. ಅದನ್ನು ಬೋಗುಣಿಗೆ ಹಾಕಿ ಬರಿಗೈಯಲ್ಲಿ, ಒಂದೇ ದಿಕ್ಕಿಗೆ, ಒಂದು ಗಂಟೆ ತಿರುವಬೇಕು. ಗಾಳಿ ಸೇರುತ್ತ ಹೋದಂತೆ ಹಳದಿ ಮಾಸಿ ಕುರಿಯುಣ್ಣೆಯ ಬಿಳಿ ಬರುತ್ತದೆ. ಕೈ ಬೆಚ್ಚಗಿದ್ದರೆ ಬೆಣ್ಣೆ ಕರಗಿ ಗಾಳಿಯನ್ನು ಬಿಟ್ಟುಬಿಡುತ್ತದೆ. ನಮ್ಮ ಮನೆಯಲ್ಲಿ ತಣ್ಣನೆಯ ಕೈ ಇದ್ದದ್ದು ಅತ್ತಿಗೆ ಅಮೆರ್ಸಾಗೆ. ಏಳು ಕ್ರಿಸ್ಮಸ್‌ಗಳಿಂದ ಬೆಣ್ಣೆ ತಿರುವುವ ಕೆಲಸ ಅವಳದೇ.

೧೯೭೮ರ ಡಿಸೆಂಬರ್ ಇಪ್ಪತ್ಮೂರರ ಬೆಳಿಗ್ಗೆ ಅವಳು ಬೋಗುಣಿಯ ಮುಂದೆ ಕೂತಳು. ಅಂಗಿಯ ತೋಳು ಮಾತ್ರ ಮಡಚಲಿಲ್ಲ.

"ಏನಮ್ಮ, ಬೆಣ್ಣೆ ತಾನಾಗೇ ಬೆಳ್ಳಗಾಗುತ್ತಾ?" ಎಂದಳು ಅಮ್ಮ.

"ಬಾದಾಮಿ ಮೇಲಿದೆ ಅತ್ತೆ. ತರ್ತೀನಿ." ಅಮೆರ್ಸಾ ಎದ್ದು ನನ್ನ ಕಡೆ ನೋಡಿದಳು. "ರಲ್ಲೂ, ನೀನೂ ಬಾ."

"ಎರಡು ಸೇರು ಬಾದಾಮಿ ಹೊರೋಕೆ ಇಬ್ಬರಾ? ಇಗ್ನಾತಿಸ್, ಕೇಳಿದ್ಯೇನೋ ನಿನ್ನ ಹೆಂಡತಿ ಮಾತು?" ಅಮ್ಮ ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ನಕ್ಕಳು.

ಇಗ್ನಾತಿಸ್ ನನ್ನ ಅಣ್ಣ. ಸರಕು ಹಡಗಿನಲ್ಲಿ ಎಂಜಿನ್ ಕೆಲಸ. ಏಳು ವರ್ಷದ ಹಿಂದೆ, ನವೆಂಬರಿನಲ್ಲಿ, ಒಂದು ಬಂದರು ಬಿಟ್ಟ ಹಡಗು ಮುಂದಿನ ಬಂದರಿಗೆ ಬರುವಷ್ಟರಲ್ಲಿ ಅವನು ಅದರಲ್ಲಿ ಇರಲಿಲ್ಲ. ಕ್ಯಾಬಿನ್ನಿನಲ್ಲಿ ಅರ್ಧ ಕುಡಿದ ಕಾಫಿ ಇತ್ತಂತೆ. ಹೆಣ ಸಿಗಲಿಲ್ಲ. ಬಂದ ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಎಂದಷ್ಟೇ ಇತ್ತು. ಆಗ ಅಮೆರ್ಸಾಗೆ ಇಪ್ಪತ್ತನಾಲ್ಕು. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು, ಅದರಲ್ಲಿ ಅವನು ಮನೆಯಲ್ಲಿದ್ದದ್ದು ಐದು ತಿಂಗಳು.

ಲೆಸ್ವೋಸ್ ದ್ವೀಪದ ನಮ್ಮ ಊರಿನಲ್ಲಿ ಸಾವಾದ ಮನೆ ಕುರಬಿಯೆ ಸುಡುವುದಿಲ್ಲ. ಅಕ್ಕಪಕ್ಕದವರೇ ತಟ್ಟೆಗೆ ಬಟ್ಟೆ ಮುಚ್ಚಿ ತಂದುಕೊಡುತ್ತಾರೆ. ಮನೆಗಳಲ್ಲಿ ದೊಡ್ಡ ಒಲೆ ಇಲ್ಲದ್ದರಿಂದ ಎಲ್ಲರ ಟ್ರೇಗಳೂ ಬೇಕರಿಯ ಭಟ್ಟಿಗೇ ಹೋಗಬೇಕು. ಯಾರ ಮನೆಯ ಟ್ರೇ ಬಂತು, ಯಾರದು ಬರಲಿಲ್ಲ ಎಂಬುದು ಇಡೀ ಊರಿಗೆ ಗೊತ್ತು. ಆ ಮೊದಲ ವರ್ಷ ಅಮ್ಮ ನಾಲ್ಕು ಟ್ರೇ ಕಳಿಸಿದಳು. ಅಲ್ಲಿಗೆ ಇಗ್ನಾತಿಸ್ ಬದುಕಿದ್ದಾನೆ ಎಂದಾಯಿತು. ಆಮೇಲೆ ಪ್ರತಿ ವರ್ಷವೂ ನಾಲ್ಕು ಟ್ರೇ. ಹಗಲು ಹೊತ್ತು ಬೀದಿ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ. ಅವನ ಚಪ್ಪಲಿಯ ಧೂಳನ್ನು ಅಮ್ಮ ಶನಿವಾರ ಶನಿವಾರ ಒರೆಸುತ್ತಿದ್ದಳು. ಕುರಬಿಯೆಗೆಂದು ಲವಂಗದ ಡಬ್ಬಿ ತೆಗೆದರೆ ಸಾಕು, ಇಡೀ ಮನೆ ಕಿವಿ ನಿಮಿರಿಸಿ ಕೂತಂತೆ ಆಗುತ್ತಿತ್ತು.

ಅಟ್ಟದಲ್ಲಿ ಅಮೆರ್ಸಾ ಬಾದಾಮಿ ಚೀಲದ ಮೇಲೆಯೇ ಕೂತುಬಿಟ್ಟಳು.

"ಈ ವರ್ಷ ನಾನು ಬೆಣ್ಣೆ ಮುಟ್ಟಲ್ಲ ರಲ್ಲೂ."

"ಯಾಕೆ?"

"ಕವಾಲಾದಲ್ಲಿ ಒಬ್ಬರಿದ್ದಾರೆ. ತಂಬಾಕು ಗೋದಾಮಲ್ಲಿ ಕೆಲಸ. ನನ್ನ ಚಿಕ್ಕಮ್ಮನ ಮನೇಲಿ ನೋಡಿದ್ದು. ಮದುವೆಯಾಗೋಣ ಅಂತ ಎರಡು ವರ್ಷದಿಂದ ಕೇಳ್ತಿದ್ದಾರೆ. ಈಸ್ಟರ್ ತನಕ ಕಾಯ್ತೀನಿ, ಆಮೇಲೆ ಆಗಲ್ಲ ಅಂದಿದ್ದಾರೆ." ಅವಳು ಚೀಲದ ದಾರ ಬೆರಳಿಗೆ ಸುತ್ತಿದಳು. "ನನಗೀಗ ಮೂವತ್ತೊಂದು. ಈ ಮನೆ ಟ್ರೇ ಭಟ್ಟಿಗೆ ಹೋದರೆ ನಾನು ಇನ್ನೊಂದು ವರ್ಷ ಹೆಂಡತಿ. ಹೋಗದಿದ್ದರೆ ವಿಧವೆ. ವಿಧವೆಯಾದರೆ ಎಲ್ಲಿಗಾದರೂ ಹೋಗಬಹುದು."

"ಅಮ್ಮನಿಗೆ ಹೇಳು."

"ಹೇಳಿದರೆ ಅವರು ತಡಕೊಳ್ಳಲ್ಲ. ನಿನಗೆ ಗೊತ್ತಿಲ್ಲ. ಆ ತಟ್ಟೆ ಇಡ್ತಾರಲ್ಲ ಹಬ್ಬದ ದಿನ, ಅದರಲ್ಲಿ ಒಂದು ಕಚ್ಚಿರುತ್ತಲ್ಲ…"

ಆ ತಟ್ಟೆಯ ವಿಷಯ ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅಣ್ಣ ಕಾಣೆಯಾದ ಮೇಲಿನ ಮೊದಲ ಕ್ರಿಸ್ಮಸ್. ನಾನು ಥೆಸಲೊನೀಕಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ, ರಜೆಗೆ ಬಂದಿದ್ದೆ. ಅಮ್ಮ ಆರು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ, ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತಿತ್ತು. ಹಬ್ಬದ ಬೆಳಿಗ್ಗೆ ಅಣ್ಣನ ಕುರ್ಚಿಯ ಮುಂದೆ ಐದು ಕುರಬಿಯೆಯ ತಟ್ಟೆ ಇಟ್ಟು ಅವಳೂ ಅಮೆರ್ಸಾಳೂ ಚರ್ಚಿಗೆ ಹೋದರು. ಜ್ವರವೆಂದು ನಾನು ಹೋಗಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಆ ತಟ್ಟೆಯನ್ನು ಎಷ್ಟೋ ಹೊತ್ತು ನೋಡಿದೆ. ಮೇಲಿನದನ್ನು ಎತ್ತಿ ಅರ್ಧ ಕಚ್ಚಿದೆ, ಉಳಿದರ್ಧವನ್ನು ಹಾಗೇ ಇಟ್ಟೆ. ತಟ್ಟೆಯ ಅಂಚಿಗೆ ಬಿದ್ದ ಸಕ್ಕರೆಯನ್ನೂ ಒರೆಸಲಿಲ್ಲ. ಯಾರೋ ಅವಸರದಲ್ಲಿ ಬಂದು ತಿಂದು ಹೋದಂತೆ ಕಾಣಲಿ ಎಂದು.

ಅವರು ಬಂದರು. ಅಮೆರ್ಸಾ ತಟ್ಟೆ ನೋಡಿ ಮಂಡಿಯೂರಿ, ಅಳುತ್ತ ನಗುತ್ತ ಅದಕ್ಕೆ ಮುತ್ತಿಟ್ಟಳು. ಅಮ್ಮ ಬಹಳ ಹೊತ್ತು ನಿಂತೇ ಇದ್ದಳು. ಆಮೇಲೆ ಒಂದು ಬಟ್ಟಲು ಸಾರು ಬಡಿಸಿಕೊಂಡು ಪೂರ್ತಿ ಕುಡಿದಳು. ಆ ಒಂದು ಬಟ್ಟಲು ಸಾರಿನ ಆಸೆಗೆ ನಾನು ಬಾಯಿ ಬಿಡಲಿಲ್ಲ.

ಮರುವರ್ಷ ಬಿರುಗಾಳಿಗೆ ಹಡಗು ಹೊರಡದೆ ನಾನು ಥೆಸಲೊನೀಕಿಯಲ್ಲೇ ಉಳಿದೆ. ಜನವರಿಯಲ್ಲಿ ಅಮ್ಮನ ಕಾಗದ ಬಂತು: 'ಈ ಸಲವೂ ಬಂದು ತಿಂದಿದ್ದಾನೆ.' ಅದನ್ನು ಪ್ರಯೋಗಶಾಲೆಯ ಮೇಜಿನ ಬಳಿ ನಿಂತು ಓದಿದ್ದು ನೆನಪಿದೆ. ಕಚ್ಚಲು ನಾನು ಅಲ್ಲಿರಲಿಲ್ಲ. ನಾನು ಶುರು ಮಾಡಿದ ಸುಳ್ಳನ್ನು ಇನ್ನಾವುದೋ ಕೈಗೆತ್ತಿಕೊಂಡಿದೆ ಎಂಬ ಯೋಚನೆ ಬಂತು. ಓದಿದವಳು, ಇಂಥದ್ದನ್ನೆಲ್ಲ ನಂಬದವಳು. ಆದರೂ ಆ ಚಳಿಗಾಲವೆಲ್ಲ ದೀಪವಿಲ್ಲದ ಕೋಣೆಗೆ ಕಾಲಿಡಲು ಹಿಂಜರಿಯುತ್ತಿದ್ದೆ. ಆಮೇಲೆ ಮಿತಿಲೀನಿ ಪಟ್ಟಣದ ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ ಸಿಕ್ಕಿತು, ಪ್ರತಿ ಹಬ್ಬಕ್ಕೂ ಊರಿಗೆ ಬಂದೆ. ಪ್ರತಿ ವರ್ಷ ಚರ್ಚಿನಿಂದ ಹಿಂದಿರುಗಿದರೆ ಒಂದು ಕುರಬಿಯೆ ಕಚ್ಚಿರುತ್ತಿತ್ತು. ನಾನು ಅದರ ಹತ್ತಿರ ಹೋಗುತ್ತಿರಲಿಲ್ಲ. ಕಾರಣ ಇದ್ದೇ ಇರುತ್ತದೆ ಎಂದು ಗೊತ್ತಿತ್ತು. ಹುಡುಕುವ ಧೈರ್ಯ ಮಾತ್ರ ಬರಲಿಲ್ಲ.

"ಅತ್ತಿಗೆ, ಅದನ್ನ ಕಚ್ಚೋದು ನೀನಲ್ವಾ?" ಎಂದು ಈಗ ಕೇಳಿದೆ.

"ನಾನಾ?" ಅಮೆರ್ಸಾ ದನಿ ತಗ್ಗಿಸಿದಳು. "ಮೊದಲನೇ ವರ್ಷ ನಾನೂ ನಂಬಿದ್ದೆ, ಆಣೆ. ಎರಡನೇ ವರ್ಷ ಚರ್ಚಿಗೆ ಹೊರಟಾಗ ಅತ್ತೆ ಏನೋ ಮರೆತೆ ಅಂತ ಒಳಗೆ ಹೋಗಿ ಬಂದರು. ದೀಪದ ಬೆಳಕಲ್ಲಿ ನೋಡ್ತೀನಿ, ಶಾಲಿನ ಮೇಲೆಲ್ಲ ಸಕ್ಕರೆ. ತಾವೇ ಕಚ್ಚಿ, ವಾಪಸ್ ಬಂದು ತಾವೇ ಹಿಗ್ತಾರೆ. ಮಾಡಿದ್ದು ಅವರಿಗೆ ನೆನಪೇ ಇರಲ್ಲ ರಲ್ಲೂ. ಅಂಥವರ ಹತ್ರ ನಿಮ್ಮ ಮಗ ಸತ್ತ ಅಂತ ಹೇಗೆ ಹೇಳಲಿ? ತಲೆ ಪೂರ್ತಿ ಕೆಟ್ಟುಹೋದರೆ?"

ದೆವ್ವ ಇಷ್ಟೇ ಎಂದು ಗೊತ್ತಾದರೆ ಹೆದರಿಕೆ ಹೋಗಬೇಕು. ನನಗೆ ಹೆಚ್ಚಾಯಿತು. ಅಮ್ಮನ ಬುದ್ಧಿಯನ್ನು ಕೆಡಿಸಿದ್ದು ನನ್ನ ಹಲ್ಲು ಎಂದಾಯಿತಲ್ಲ.

ಕೆಳಗಿಳಿದಾಗ ಅಮ್ಮ ತಾನೇ ತೋಳೇರಿಸಿ ಬೆಣ್ಣೆ ತಿರುವುತ್ತಿದ್ದಳು. ಅವಳ ಕೈ ಬೆಚ್ಚಗಿನದು. ಬೋಗುಣಿಯ ಅಂಚಿನಲ್ಲಿ ಬೆಣ್ಣೆ ಎಣ್ಣೆಯಾಗಿ ಹರಿಯತೊಡಗಿತ್ತು.

"ನೋಡು ಇಗ್ನಾತಿಸ್, ನಿನ್ನ ತಂಗಿ ಎಷ್ಟು ಓದಿದರೇನು, ಬಾದಾಮಿ ಹುಡುಕೋಕೆ ಅರ್ಧ ಗಂಟೆ ಬೇಕು."

ನಾನು ಅವಳ ಮಣಿಕಟ್ಟು ಹಿಡಿದು ತಿರುವುವುದನ್ನು ನಿಲ್ಲಿಸಿದೆ. "ಅಮ್ಮ, ಮೊದಲನೇ ವರ್ಷ ಅದನ್ನ ಕಚ್ಚಿದ್ದು ನಾನು."

ಅಮೆರ್ಸಾಳ ಕೈಯಿಂದ ಚೀಲ ಜಾರಿ ನೆಲಕ್ಕೆ ಬಿತ್ತು. ಅಮ್ಮ ಬೋಗುಣಿಯಿಂದ ಕೈ ತೆಗೆಯಲಿಲ್ಲ.

"ಗೊತ್ತು," ಎಂದಳು.

"ಏನು ಗೊತ್ತು?"

"ನಿನ್ನ ಅಣ್ಣ ಯಾವತ್ತಾದರೂ ಕುರಬಿಯೆ ಕಚ್ಚಿ ತಿಂದಿದ್ನಾ? ನೀಲಿ ಸ್ವೆಟರ್ ಮೇಲೆ ಸಕ್ಕರೆ ಉದುರುತ್ತೆ ಅಂತ ಇಡೀದನ್ನ ಬಾಯಿಗೆ ಹಾಕ್ಕೊಂಡು, ಕೆನ್ನೆ ಉಬ್ಬಿಸ್ಕೊಂಡು, ಐದು ನಿಮಿಷ ಮೂಗನ ಹಾಗೆ ಕೂತಿರ್ತಿದ್ದ. ನೀನೇ ಅವನಿಗೆ ಕಪ್ಪೆ ಅಂತಿದ್ದೆ. ಮರೆತ್ಯಾ?"

ಮರೆತಿದ್ದೆ. ಹಾಲಿನ ಹುಳಿಯನ್ನು ದಶಮಾಂಶದಲ್ಲಿ ಬರೆದಿಡುವ ನಾನು, ನನ್ನ ಅಣ್ಣ ತಿನ್ನುತ್ತಿದ್ದ ರೀತಿಯನ್ನು ಮರೆತಿದ್ದೆ. ಈಗ ಆ ಉಬ್ಬಿದ ಕೆನ್ನೆ, ನಗು ತಡೆದು ನೀರು ತುಂಬಿದ ಕಣ್ಣು ಎದುರಿಗೆ ಬಂದು ನಿಂತವು. ಏಳು ವರ್ಷದಲ್ಲಿ ಅವನು ಆ ಕುರ್ಚಿಗೆ ಅಷ್ಟು ಹತ್ತಿರ ಬಂದಿರಲಿಲ್ಲ.

"ಮತ್ತೆ ಸಾರು ಯಾಕೆ ಕುಡಿದೆ?"

"ಇದ್ದೊಬ್ಬ ಮಗಳು ಕಳ್ಳಿಯಾಗೋ ಹಾಗೆ ನಾನು ಮಾಡಿದ್ನಲ್ಲ ಅಂತ ನಾಚಿಕೆಯಾಯ್ತು, ಕುಡಿದೆ." ಅಮ್ಮ ಅಮೆರ್ಸಾಳ ಕಡೆ ತಿರುಗಿದಳು. "ಆದರೆ ಈ ಹುಡುಗಿ ನಂಬಿಬಿಟ್ಟಿದ್ದಳು. ತಟ್ಟೆಗೆ ಮುತ್ತಿಟ್ಟಿದ್ದಳು. ಮುಂದಿನ ವರ್ಷ ನೀನು ಬರಲಿಲ್ಲ. ತಟ್ಟೆ ಹಾಗೇ ಇದ್ದರೆ ಇವಳು ಬಾವಿಗೆ ಬೀಳ್ತಾಳೇನೋ ಅಂತ ಹೆದರಿದೆ. ನಾನೇ ಕಚ್ಚಿದೆ. ಆಮೇಲೆ ನಿಲ್ಲಿಸೋದು ಹೇಗೆ?"

"ಅತ್ತೆ," ಅಮೆರ್ಸಾ ತೊದಲಿದಳು, "ನಾನು ನೋಡಿದ್ದೆ. ಆವತ್ತೇ ನೋಡಿದ್ದೆ. ನಿಮಗೆ ಹುಚ್ಚು ಹಿಡಿದಿದೆ ಅಂತ…"

"ನನಗಾ?" ಅಮ್ಮ ಬೆಣ್ಣೆಯ ಕೈ ಎತ್ತಿ ಅವಳನ್ನೇ ನೋಡಿದಳು. "ಅದಕ್ಕೇ ಸುಮ್ಮನಿದ್ಯಾ? ಆರು ವರ್ಷ?"

"ನೀವೂ ಅದಕ್ಕೇ ಅಲ್ವಾ ಅತ್ತೆ?"

ನಾವು ಮೂವರೂ ಆ ಕುರ್ಚಿಯ ಕಡೆ ನೋಡುವುದನ್ನು ತಪ್ಪಿಸುತ್ತಿದ್ದೆವು.

ಅಷ್ಟರಲ್ಲಿ ಬೀದಿ ಬಾಗಿಲು ತಳ್ಳಿಕೊಂಡು ಬೇಕರಿಯವನ ಹೆಂಡತಿ ಪೆರಿಸ್ತೇರಾ ಬಂದಳು, ಕಿವಿಯ ಹಿಂದೆ ಪೆನ್ಸಿಲ್, ಕೈಯಲ್ಲಿ ಭಟ್ಟಿಯ ಸರದಿ ಪಟ್ಟಿ.

"ಮಿರ್ಸಿನಕ್ಕ, ನಿಮ್ಮ ಟ್ರೇ ಎಷ್ಟು ಹೊತ್ತಿಗೆ?" ಎಂದು ಅಮ್ಮನನ್ನು ಕೇಳಿದಳು. "ಪಾದ್ರಿ ಹೆಂಡತಿದು ಹನ್ನೊಂದಕ್ಕೆ. ಕಳೆದ ಸಲ ಬೆಂಕಿ ಜಾಸ್ತಿ ಆಯ್ತು ಅಂತ ಮೂರು ತಿಂಗಳು ನನ್ನ ಮುಖ ನೋಡಲಿಲ್ಲ ಮಹಾತಾಯಿ. ಅವಳ ಕುರಬಿಯೆಯೋ, ಗೋಡೆಗೆ ಹೊಡೆದರೆ ಗೋಡೆ ಒಡೆಯುತ್ತೆ. ನಿಮ್ಮದನ್ನ ಅವಳದಕ್ಕಿಂತ ಮುಂಚೆ ಹಾಕ್ತೀನಿ. ಎಷ್ಟು, ನಾಲ್ಕು ಅಲ್ವಾ?" ಪೆನ್ಸಿಲ್ ತೆಗೆದು ಬರೆಯಲು ಹೊರಟಳು.

ಅಮೆರ್ಸಾ ನೆಲಕ್ಕೆ ಚೆಲ್ಲಿದ್ದ ಬಾದಾಮಿ ಆರಿಸಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ತಲೆ ಎತ್ತಲಿಲ್ಲ.

"ಒಂದೂ ಇಲ್ಲ," ಎಂದಳು ಅಮ್ಮ.

"ಏನು ತಮಾಷೆ! ಬೋಗುಣಿ ತುಂಬ ಬೆಣ್ಣೆ ಇಟ್ಕೊಂಡು…"

"ಈ ಮನೆಯಿಂದ ಟ್ರೇ ಬರಲ್ಲ ಪೆರಿಸ್ತೇರಾ. ಬೆಣ್ಣೆ ನೀನು ತಗೊಂಡು ಹೋಗು. ನಿನ್ನ ಮನೆಯದರ ಜೊತೆ ಸೇರಿಸ್ಕೋ."

ಪೆರಿಸ್ತೇರಾ ನಮ್ಮ ಮೂವರ ಮುಖವನ್ನೂ ನೋಡಿದಳು. ಪಟ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶಿಲುಬೆಯ ಗುರುತು ಮಾಡಿದಳು. "ದೇವರು ಅವನನ್ನು ಕ್ಷಮಿಸಲಿ," ಎಂದಳು. ಸತ್ತವರಿಗೆ ಮಾತ್ರ ಹೇಳುವ ಮಾತು. ಅದುವರೆಗೂ ಆ ಮನೆಯೊಳಗೆ ಯಾರೂ ಅದನ್ನು ಹೇಳಿರಲಿಲ್ಲ. ಅಮೆರ್ಸಾ ನೆಲದ ಮೇಲೆ, ಬಾದಾಮಿಯ ನಡುವೆಯೇ, ಕೂತಳು. ಅವಳು ಬೇಡಿದ್ದು ಅದನ್ನೇ. ಆದರೆ ಗಂಡ ಸತ್ತದ್ದು ಅವಳಿಗೆ ಆ ಕ್ಷಣದಲ್ಲಿ. ಅಂಥ ಕೂಗನ್ನು ಅವಳ ಬಾಯಿಂದ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಒಂದು ಗಂಟೆ ಕಳೆಯುವುದರೊಳಗೆ ತಟ್ಟೆಗಳು ಬರತೊಡಗಿದವು. ಮೊದಲು ಪೆರಿಸ್ತೇರಾಳದು, ಆಮೇಲೆ ಎದುರು ಮನೆಯವರದು, ಪಕ್ಕದ ಮನೆಯವರದು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು. ಕುರಬಿಯೆ ಅಷ್ಟು ಬೇಗ ಆಗುವಂಥದ್ದಲ್ಲ. ತಣಿದ ಮೇಲೆ ಸಕ್ಕರೆ ಹಾಕಬೇಕು, ಅದಕ್ಕೇ ಒಂದು ಗಂಟೆ ಬೇಕು. ನಾನು ಪೆರಿಸ್ತೇರಾಳನ್ನು ಕೇಳಿದೆ.

"ಎತ್ತಿಟ್ಟಿದ್ದೇ ಕಣಮ್ಮ," ಎಂದಳು ಅವಳು, ಅಮ್ಮನಿಗೆ ಕೇಳದಂತೆ. "ಮೊದಲನೇ ವರ್ಷದಿಂದ ಎಲ್ಲರ ಮನೇಲೂ ನಿಮಗೊಂದು ತಟ್ಟೆ ಎತ್ತಿಡ್ತಾ ಇದ್ವಿ. ಯಾವತ್ತು ಬೇಕಾಗುತ್ತೋ ಅಂತ. ಹಬ್ಬ ಕಳೆದ ಮೇಲೆ ಕೋಳಿಗೆ ಹಾಕ್ತಿದ್ವಿ."

ಏಳು ವರ್ಷ ಊರಿನ ಪ್ರತಿ ಮನೆಯ ಕಪಾಟಿನಲ್ಲೂ ನನ್ನ ಅಣ್ಣ ಸತ್ತಿದ್ದ. ನಮ್ಮ ಮನೆಯೊಂದರಲ್ಲೇ ಬದುಕಿದ್ದ, ಅದೂ ನನ್ನ ಹಲ್ಲಿನ ಗುರುತಿನ ಮೇಲೆ.

ತಟ್ಟೆ ತಂದವರೆಲ್ಲ ಹೋದ ಮೇಲೆ ಅಮ್ಮ ಪೆಟ್ಟಿಗೆಯಿಂದ ಕಪ್ಪು ತಲೆವಸ್ತ್ರ ತೆಗೆದಳು. ಅಮೆರ್ಸಾಳ ಹಿಂದೆ ನಿಂತು ಅವಳ ಕೂದಲು ಒಳಗೆ ಸೇರಿಸಿ ಗಂಟು ಹಾಕಿದಳು.

"ನಲವತ್ತು ದಿನ ಕಟ್ಟು. ಅದಕ್ಕಿಂತ ಜಾಸ್ತಿ ಬೇಡ. ನಲವತ್ತನೇ ದಿನ ಸತ್ತವನ ಹೆಸರಲ್ಲಿ ಗೋಧಿ ಬೇಯಿಸಿ ಚರ್ಚಿಗೆ ಕೊಟ್ಟು ಬರೋಣ, ಆಮೇಲೆ ನಾನೇ ಬಿಚ್ಚಿಸ್ತೀನಿ. ಈಸ್ಟರ್ ಹೊತ್ತಿಗೆ ನೀನು ಕವಾಲಾದಲ್ಲಿರಬೇಕು."

ಅಮೆರ್ಸಾ ತಿರುಗಿ ನೋಡಿದಳು. "ಕವಾಲಾ ನಿಮಗೆ…"

"ತಿಂಗಳಿಗೊಂದು ಕಾಗದ ಬರುತ್ತೆ, ಅಂಚೆಯವನು ಮೂಗನಾ? ಅಕ್ಷರ ದುಂಡಗಿದೆ ಅಂತಾನೆ. ಒಳ್ಳೆಯವನಿರಬೇಕು."

ಅಮೆರ್ಸಾ ಅಮ್ಮನ ಕೈ ಹಿಡಿದುಕೊಂಡಳು. ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡುತ್ತ, ಕೇಳಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಕೇಳಿದಳು:

"ಅತ್ತೆ, ಒಂದು ವೇಳೆ ಇವರು ಬಂದರೆ? ಬಂದು, ಎಲ್ಲಿ ಅವಳು ಅಂತ ಕೇಳಿದರೆ?"

ಅಮ್ಮ ತಲೆವಸ್ತ್ರದ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದಳು.

"ನಾನು ಇಲ್ಲೇ ಇರ್ತೀನಲ್ಲ," ಎಂದಳು. "ನಾನೇ ಕಳಿಸಿದೆ ಅಂತ ಹೇಳ್ತೀನಿ."