ಹೊಸ್ತಿಲ ಹೊರಗೆ ನಿಂತು ಬರೆದದ್ದು

ನಾನು ಸಿಟ್ಟು ಮಾಡಿಕೊಂಡೇ ಪಾಠ ಮಾಡುವವಳು. ಶಿರಸಿಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಹೇಳುತ್ತಿದ್ದೇನೆ. ದಾಕ್ಷಾಯಿಣಿ ಮೇಡಂ ಸತ್ತವರನ್ನೂ ಬೈಯುತ್ತಾರೆ ಎಂದು ಹುಡುಗರು ಆಡಿಕೊಳ್ಳುವುದು ನನಗೆ ಗೊತ್ತು. ಹೌದು, ಬೈಯುತ್ತೇನೆ. ಬೈಸಿಕೊಳ್ಳುವಂಥದ್ದು ಮಾಡಿ ಸತ್ತರೆ ಬಿಟ್ಟುಬಿಡಬೇಕೇ?

ಅಮೆರಿಕದ ಇತಿಹಾಸದಲ್ಲಿ ನನ್ನ ಸಿಟ್ಟು ನೆತ್ತಿಗೇರುವುದು ಸೂ ಜನರ ಪಾಠ ಬಂದಾಗ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಮೂಲನಿವಾಸಿಗಳ ಬಯಲನ್ನೆಲ್ಲ ಕಿತ್ತುಕೊಂಡು, ಉಳಿದೊಂದು ತುಂಡಿನಲ್ಲಿ ಅವರನ್ನು ಕೂಡಿಹಾಕಿ, ಅದಕ್ಕೆ ರಿಸರ್ವೇಶನ್ ಎಂದರು. ನಮ್ಮ ಹುಡುಗರಿಗೆ ರಿಸರ್ವೇಶನ್ ಅಂದರೆ ಸೀಟು. ಮೊದಲ ಹತ್ತು ನಿಮಿಷ ಆ ಗೊಂದಲ ಬಿಡಿಸುವುದಕ್ಕೇ ಹೋಗುತ್ತದೆ. ಸೈನಿಕರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ಕೊಲ್ಲಲಿಕ್ಕೇ ಬಂದವರು. ಅವರ ಹಿಂದಿನಿಂದ ಉದ್ಧಾರ ಮಾಡುತ್ತೇವೆಂದು ಬಂದರಲ್ಲ ಸುಧಾರಕರು, ಅವರ ಮೇಲೆ. ಮನೆಮನೆ ಹೊಕ್ಕು, ಕಿಟಕಿ ಇದೆಯೋ, ಮಂಚ ಇದೆಯೋ, ಹೆಂಗಸಿಗೆ ಪಾತ್ರೆ ತೊಳೆಯಲು ಬರುತ್ತದೋ ಎಂದೆಲ್ಲ ಬರೆದುಕೊಂಡು ಹೋದರು. ಅದನ್ನು ಓದಿದ ದೊಡ್ಡ ಊರಿನ ದೊಡ್ಡವರು ಅಯ್ಯೋ ಪಾಪ ಎಂದರು. ಆಮೇಲೆ ಮಕ್ಕಳನ್ನು ರೈಲು ಹತ್ತಿಸಿ ದೂರದ ವಸತಿಶಾಲೆಗೆ ಸಾಗಿಸಿ, ಕೂದಲು ಕತ್ತರಿಸಿ, ಅವರ ಭಾಷೆ ಆಡಿದರೆ ಹೊಡೆದರು.

ಹೋದ ಆಗಸ್ಟಿನಲ್ಲಿ ಖಾಲಿ ಮನೆಯ ವಿಷಯ ಹೇಳುತ್ತಿದ್ದೆ. ಸೂ ಜನರಲ್ಲಿ ಮನೆಯಲ್ಲೊಂದು ಸಾವಾದರೆ ಇದ್ದಬದ್ದ ಸಾಮಾನನ್ನೆಲ್ಲ ಊರಿಗೆ ಹಂಚಿಬಿಡುವ ಪದ್ಧತಿ ಇತ್ತು. ಅದು ಅವರು ದುಃಖ ಪಡುವ ರೀತಿ. ಸುಧಾರಕರಿಗೆ ಕಂಡದ್ದು ದುಂದು, ನಾಳೆಯ ಚಿಂತೆಯಿಲ್ಲದ ಸೋಮಾರಿತನ. ಸರ್ಕಾರ ಆ ಪದ್ಧತಿಯನ್ನು ಅಪರಾಧವೆಂದೇ ಸಾರಿತು. ನಾನು ಮೇಜು ಕುಟ್ಟಿ, ಅವರಿಗೆ ಬಾಯಿ ಇರಲಿಲ್ಲವೇ, ಮನೆ ಯಾಕೆ ಖಾಲಿಯಿದೆ ಎಂದು ಒಂದು ಮಾತು ಕೇಳಿದ್ದರೆ ಗಂಟು ಹೋಗುತ್ತಿತ್ತೇ ಎಂದು ಕೂಗಾಡಿದೆ. ಹುಡುಗರು ಎಂದಿನಂತೆ ನಕ್ಕರು.

ಕ್ಲಾಸು ಮುಗಿದ ಮೇಲೆ ನಮಿತಾ ಸ್ಟಾಫ್ ರೂಮಿಗೆ ಬಂದಳು. ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿಯರ ಹುಡುಗಿ, ಬಿ.ಎ. ಎರಡನೆಯ ವರ್ಷ, ಹಿಂದಿನ ಬೆಂಚಿನಲ್ಲಿ ಕೂತು ಹೇಳಿದ್ದನ್ನೆಲ್ಲ ಬರೆದುಕೊಳ್ಳುವವಳು. ಕೈಯಲ್ಲೊಂದು ಸ್ಮರಣ ಸಂಚಿಕೆ ಇತ್ತು. ಸಿದ್ದಿ ಮಕ್ಕಳಿಗಾಗಿ ಯಲ್ಲಾಪುರದಲ್ಲಿ ಹಾಸ್ಟೆಲ್ಲು ನಡೆಸುವ ಒಂದು ಸೇವಾ ಸಂಸ್ಥೆಯದು. ಹೆಸರು ಹೇಳುವುದಿಲ್ಲ, ಹೇಳಿದರೆ ಅದನ್ನೂ ಪ್ರಚಾರ ಮಾಡಿಕೊಂಡಾರು. ಅವಳು ಪುಟ ಬಿಡಿಸಿ ನನ್ನ ಮುಂದಿಟ್ಟಳು. ಒಂದು ಖಾಲಿ ಕೋಣೆಯ ಫೋಟೋ, ಕೆಳಗೆ ಬರಹ: ‘ಮನೆಯೊಳಗೆ ಒಂದು ಪಾತ್ರೆಯಿಲ್ಲ, ಹೊದೆಯಲು ಒಂದು ಬಟ್ಟೆಯಿಲ್ಲ. ನಾಳೆಯ ಚಿಂತೆಯನ್ನೇ ಅರಿಯದ ತಾಯಿ. ಅವಳ ಮಡಿಲಲ್ಲಿ ಬೆಳಕಿಗಾಗಿ ಕಾದಿರುವ ಕಂದಮ್ಮ.’ ಯಾವ ಕೆಲಸವಿಲ್ಲದವರು ಬರೆದರಪ್ಪಾ ಎಂದು ಕೆಳಗೆ ನೋಡಿದರೆ ನನ್ನದೇ ಹೆಸರು.

“ಅದು ನಮ್ಮನೆ ಮೇಡಂ,” ಎಂದಳು ನಮಿತಾ. “ನೀವೂ ಕೇಳ್ಲಿಲ್ಲ.”

ಬರೆದದ್ದು ನನಗೆ ಮರೆತೇ ಹೋಗಿತ್ತು. ಮೂರು ವರ್ಷದ ಹಿಂದಿನ ಮಾತು. ಆ ಸಂಸ್ಥೆಯ ಸಂಚಾಲಕಿ ಪರಿಮಳಾ ನನ್ನ ಚಿಕ್ಕಮ್ಮನ ಮಗಳು. ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸಬೇಕು, ನೀನು ಚೆನ್ನಾಗಿ ಬರೆಯುತ್ತೀ, ನಾಲ್ಕು ಮನೆ ನೋಡಿ ವರದಿ ಕೊಡು ಎಂದಿದ್ದಳು. ಹೊಗಳಿದರೆ ಹೊನ್ನಶೂಲಕ್ಕೂ ಏರುವವಳು ನಾನು, ಹೋದೆ. ಕಾಡಿನಂಚಿನ ಕೇರಿ. ನಮಿತಾಳ ತಾಯಿ ಕಲ್ಲವ್ವ ಸೆಗಣಿಗೈಯಲ್ಲೇ ಬಾಗಿಲಿಗೆ ಬಂದಳು. ಮರುದಿನ ಅವರಲ್ಲಿ ಹಿರಿಯರ ಪೂಜೆ ಇತ್ತೆಂದು ಈಗ ನಮಿತಾಳಿಂದ ಗೊತ್ತಾಯಿತು. ಒಳಗಿನ ಸಾಮಾನೆಲ್ಲ ಹಿತ್ತಲಿಗೆ ಹೊತ್ತುಹಾಕಿ ನೆಲ ಸಾರಿಸಿದ್ದಳು. ನೆಲ ಹಸಿ ಇದೆ, ಹಿಂದೆ ಬನ್ನಿ, ಹಲಸಿನ ಮರದಡಿ ಕೂತು ಚಾ ಕುಡಿಯಬಹುದು ಎಂದು ಕರೆದಳು.

ನಾನು ಚಾ ಕುಡಿಯುವುದಿಲ್ಲ ಎಂದೆ. ದಿನಕ್ಕೆ ಆರು ಲೋಟ ಕುಡಿಯುವವಳು! ಸಿದ್ದಿಯರ ಮನೆಯ ಲೋಟಕ್ಕೆ ತುಟಿ ಹಚ್ಚಲು ಮನಸ್ಸಾಗಲಿಲ್ಲ, ಅಷ್ಟೇ. ಬೇರೆ ಕಾರಣ ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಕ್ಲಾಸಿನಲ್ಲಿ ಸಮಾನತೆ ಬೋಧಿಸುವುದೂ ಇದೇ ಬಾಯಿ. ಹೊಸ್ತಿಲ ಹೊರಗೇ ನಿಂತು ಕತ್ತು ಚಾಚಿದೆ, ಖಾಲಿ ಕಂಡಿತು, ಮೊಬೈಲಿನಲ್ಲಿ ಫೋಟೋ ಹೊಡೆದೆ, ಹೊತ್ತಾಯಿತು ಎಂದು ಹೊರಟೆ. ಹತ್ತು ಹೆಜ್ಜೆ ಸುತ್ತಿ ಹಿಂದಕ್ಕೆ ಹೋಗಿದ್ದರೆ ಎರಡು ಟ್ರಂಕು, ಹಿತ್ತಾಳೆ ಹಂಡೆ, ಅಕ್ಕಿಯ ಚೀಲ, ಹೊದೆಯಲು ಕಲ್ಲವ್ವ ತಾನೇ ಹೊಲಿದ ಏಳು ಕೌದಿ, ನಮಿತಾಳ ಪುಸ್ತಕದ ರಾಶಿ ಎಲ್ಲ ಕಾಣುತ್ತಿದ್ದವು. ಸೂ ಜನರ ಸುಧಾರಕರು ಮನೆಯ ಒಳಗಾದರೂ ಕಾಲಿಟ್ಟಿದ್ದರು. ನಾನು ಅಷ್ಟೂ ಮಾಡಲಿಲ್ಲ.

ಆ ವರದಿಯ ಮೇಲೆ ಕಲ್ಲವ್ವನ ಕಿರಿಮಗಳು ಸಮೃದ್ಧಿ ಹಾಸ್ಟೆಲ್ಲಿಗೆ ಆಯ್ಕೆಯಾದಳು. ಆಗ ಆರು ವರ್ಷ. ಕಲ್ಲವ್ವ ಸಂತೋಷದಿಂದಲೇ ಕಳಿಸಿದ್ದಳು. ಒಳ್ಳೆಯ ಮಾಸ್ತರಿದ್ದಾರೆ, ಕಲಿಯಲಿ ಎಂದು. ಹೇನಾಗುತ್ತದೆಂದು ಮೊದಲ ವಾರವೇ ಮಗುವಿನ ಗುಂಗುರು ಕೂದಲು ಬೋಳಿಸಿದರು, ಅದನ್ನೂ ಕಲ್ಲವ್ವ ಸಹಿಸಿಕೊಂಡಳು. ಈ ವರ್ಷ ಜನವರಿಯಲ್ಲಿ ವಾರ್ಷಿಕೋತ್ಸವಕ್ಕೆ ಹೋದಾಗ ಮಾತ್ರ ತಡೆಯಲಾಗಲಿಲ್ಲ. ಒಂಬತ್ತು ವರ್ಷದ ಮಗಳು ವೇದಿಕೆ ಹತ್ತಿ, ಕೈ ಜೋಡಿಸಿ, ನನ್ನ ಆ ವರದಿಯನ್ನು ಒಂದಕ್ಷರ ಬಿಡದೆ ಬಾಯಿಪಾಠ ಒಪ್ಪಿಸಿದಳಂತೆ. ಒಂದು ಪಾತ್ರೆಯಿಲ್ಲ ಎಂದಳಂತೆ. ನಾಳೆಯ ಚಿಂತೆಯನ್ನೇ ಅರಿಯದ ತಾಯಿ ಎಂದಳಂತೆ. ಆ ತಾಯಿ ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಜನ ಚಪ್ಪಾಳೆ ತಟ್ಟಿದರು. ಬೇಸಿಗೆ ರಜೆಗೆ ಮನೆಗೆ ಬಂದ ಮಗು ಈ ಮನೆಯಲ್ಲಿ ಏನೂ ಇಲ್ಲ ಎಂದು ಕೌದಿಯ ಮೇಲೆ ಮಲಗಿಕೊಂಡೇ ಹೇಳಿತಂತೆ.

ಅಂದಿನಿಂದ ಕಲ್ಲವ್ವನಿಗೆ ಒಂದೇ ಹಟ: ಮಗಳು ಮನೆಗೆ ಬರಬೇಕು, ಕೇರಿಯ ಪಕ್ಕದ ಶಾಲೆಗೆ ಹೋಗಬೇಕು. ಸಂಸ್ಥೆ ಟಿ.ಸಿ. ಕೊಡಲಿಲ್ಲ, ಅದಿಲ್ಲದೆ ಆ ಶಾಲೆ ಸೇರಿಸಿಕೊಳ್ಳಲಿಲ್ಲ, ರಜೆ ಮುಗಿದ ಮೇಲೆ ಮಗು ಹಾಸ್ಟೆಲ್ಲಿಗೇ ಮರಳಬೇಕಾಯಿತು. ಮಗು ಹತ್ತನೆಯ ತರಗತಿಯವರೆಗೆ ನಮ್ಮ ಜವಾಬ್ದಾರಿ, ಮನೆ ಮಗುವಿಗೆ ಯೋಗ್ಯವಲ್ಲ ಎಂದು ವರದಿಯೇ ಇದೆ ಎಂದು ನಾಲ್ಕು ಸಲ ವಾಪಸು ಕಳಿಸಿದ್ದರು. ಇದನ್ನೆಲ್ಲ ಹೇಳಿ ನಮಿತಾ ನನ್ನ ಮುಖ ನೋಡುತ್ತ ನಿಂತಳು.

ಆ ಭಾನುವಾರ ಕೇರಿಗೆ ಹೋದೆ. ಈ ಸಲ ಸೀದಾ ಒಳಗೆ ಹೋಗಿ ಕೂತೆ. ತಪ್ಪು ಬರೆದಿದ್ದೇನೆ, ಪರಿಮಳಾಳ ಎದುರಿಗೆ ಹೇಳಿ ಟಿ.ಸಿ. ಕೊಡಿಸುತ್ತೇನೆ ಎಂದೆ. ಕಲ್ಲವ್ವ ಕೌದಿ ಹೊಲಿಯುತ್ತ ಕೇಳಿಸಿಕೊಂಡಳು. ನಾನೇ ನಾಚಿಕೆ ಬಿಟ್ಟು ಚಾ ಕೇಳಿದೆ. ಹಾಲಿಲ್ಲ ಎಂದಳು. ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದವು.

ಮರುದಿನ ರಜೆ ಹಾಕಿ ಅವಳ ಜೊತೆ ಯಲ್ಲಾಪುರದ ಆಫೀಸಿಗೆ ಹೋದೆ. ಪರಿಮಳಾ ನನ್ನನ್ನು ಕಂಡು ಹಿಗ್ಗಿದಳು, ನನಗೆ ಕುರ್ಚಿ ಎಳೆದಳು, ಕಲ್ಲವ್ವನಿಗೆ ಬಾಗಿಲ ಹತ್ತಿರದ ಬೆಂಚು ತೋರಿಸಿದಳು. ನಾನು ಕುರ್ಚಿಯಲ್ಲಿ ಕೂರಲಿಲ್ಲ.

“ಆನು ಬರದ್ದು ಸುಳ್ಳು, ಪರಿಮಳಾ. ಆ ಮನೆ ಒಳಗೆ ಆನು ಹೋಗ್ಲೇ ಇಲ್ಲೆ,” ಎಂದೆ ನಮ್ಮ ಹವ್ಯಕರ ಮನೆಮಾತಿನಲ್ಲಿ.

“ಈಗ ಅದ್ನ ಕೆದಕದು ಎಂತಕ್ಕೆ ಅಕ್ಕಾ?” ಎಂದಳು ಅವಳು, ನಗುತ್ತಲೇ.

ಆಮೇಲೆ ಸಮಾಧಾನವಾಗಿ ವಿವರಿಸಿದಳು. ನನ್ನ ಬರಹ ಓದಿ ಎಷ್ಟು ಜನ ಅತ್ತಿದ್ದಾರಂತೆ. ಮುಂದಿನ ತಿಂಗಳು ಹೊರಗಿನಿಂದ ದಾನಿಗಳು ಬರುತ್ತಾರಂತೆ, ಸಂಚಿಕೆ ಅವರ ಕೈ ಸೇರಿಯಾಗಿದೆಯಂತೆ. ಈಗ ತಪ್ಪು ಎಂದರೆ ಉಳಿದ ನಲವತ್ತು ಮಕ್ಕಳ ಗತಿಯೇನು ಎಂದು ನನ್ನನ್ನೇ ಕೇಳಿದಳು. ನಾನು ಬಾಯಿಗೆ ಬಂದಂತೆ ಬೈದೆ. ತಾಯಿಯನ್ನು ಬೈಯುವ ಪಾಠವನ್ನು ಮಗುವಿಗೆ ಕಲಿಸುತ್ತೀರಲ್ಲ, ನಿಮ್ಮ ಸೇವೆಗೆ ಬೆಂಕಿ ಬೀಳಲಿ ಎಂದೆ. ಕಲಿಸಿದ್ದು ನಾನು ಬರೆದದ್ದನ್ನೇ ಎಂದು ಆಮೇಲೆ ನೆನಪಾಯಿತು.

ಪರಿಮಳಾ ಜಗಳ ಬೆಳೆಸಲಿಲ್ಲ. ಟಿ.ಸಿ. ಈಗಲೇ ಕೊಡುತ್ತೇನೆ ಎಂದು ಒಂದು ಪತ್ರ ಟೈಪು ಮಾಡಿಸಿ ತಂದಳು. ನನ್ನ ಮನೆಯ ಅಂದಿನ ಸ್ಥಿತಿ ಸಂಸ್ಥೆಯ ವರದಿಯಲ್ಲಿರುವಂತೆಯೇ ಇತ್ತು, ಸಂಸ್ಥೆಯ ನೆರವಿನಿಂದ ಈಗ ಸುಧಾರಿಸಿದೆ, ಆದ್ದರಿಂದ ಮಗಳನ್ನು ಕರೆದೊಯ್ಯುತ್ತಿದ್ದೇನೆ ಎಂದು ಕಲ್ಲವ್ವ ಬರೆದುಕೊಟ್ಟಂತೆ ಇತ್ತು. ಕೆಳಗೆ ಅವಳ ಸಹಿಗೆ ಜಾಗ. ಅದರ ಕೆಳಗೆ ಸಾಕ್ಷಿಯ ಸಹಿಗೆ ಜಾಗ. ಸಾಕ್ಷಿ ಹೇಗೂ ಇಲ್ಲೇ ಇದ್ದಾರಲ್ಲ ಎಂದು ಪರಿಮಳಾ ಪೆನ್ನನ್ನು ನನ್ನ ಕಡೆ ಸರಿಸಿದಳು.

ನಾನು ಕಾಗದ ಕಸಿದುಕೊಂಡೆ. ಸಹಿ ಹಾಕಬೇಡ ಕಲ್ಲವ್ವ, ಇದು ಹಸಿ ಸುಳ್ಳು, ಕೋರ್ಟಿಗೆ ಹೋಗೋಣ, ಪೇಪರಿಗೆ ಬರೆಯುತ್ತೇನೆ, ಇವರ ಬಣ್ಣ ಬಯಲು ಮಾಡುತ್ತೇನೆ ಎಂದೆ. ಕಲ್ಲವ್ವ ಬೆಂಚಿನಿಂದ ಎದ್ದು ಬಂದು ನನ್ನ ಕೈಯಿಂದ ಕಾಗದ ಬಿಡಿಸಿಕೊಂಡಳು.

“ಅಮ್ಮಾ, ಸಿಟ್ಟು ನಿಮ್ದು. ಕೂಸು ನಂದು.”

ಅವಳು ನಿಂತುಕೊಂಡೇ ಪೂರ್ತಿ ಓದಿದಳು. ಒಂದು ಕಡೆ ತುಟಿ ಕಚ್ಚಿ ನಿಂತಳು, ಮತ್ತೆ ಓದಿದಳು. ಆಮೇಲೆ ದುಂಡಗೆ ತನ್ನ ಹೆಸರು ಬರೆದು ಪೆನ್ನನ್ನು ನನಗೆ ಚಾಚಿದಳು. ಒಂದು ಸಲ ಬರೆದಾಗಿದೆಯಲ್ಲ, ಇನ್ನೊಂದು ಸಲ ಹಾಕಿ ಎಂದಳು. ಅದರಲ್ಲಿ ಕೊಂಕಿರಲಿಲ್ಲ, ಅವಳಿಗೆ ಹೊತ್ತಾಗುತ್ತಿತ್ತು. ನನ್ನ ಕೈಯಿಂದಲೇ ಹುಟ್ಟಿದ ಸುಳ್ಳಿಗೆ ನಾನೇ ಸಾಕ್ಷಿಯೆಂದು ಸಹಿ ಹಾಕಿದೆ. ಪರಿಮಳಾ ಸೀಲು ಒತ್ತಿದಳು.

ಹುಡುಗಿಯನ್ನು ಕರೆತಂದರು. ಮತ್ತೆ ಮತ್ತೆ ಬೋಳಿಸಿದ ತಲೆಯಲ್ಲಿ ಕೂದಲು ಅರ್ಧ ಇಂಚು ಬೆಳೆದಿತ್ತು, ಕೈಯಲ್ಲೊಂದು ಸಣ್ಣ ಚೀಲ. ತಾಯಿಯ ಹತ್ತಿರ ಬಂದು ಅತಿಥಿಗಳಿಗೆ ಮಾಡುವಂತೆ ನಮಸ್ಕಾರ ಮಾಡಿದಳು. ಕಲ್ಲವ್ವ ಆ ಜೋಡಿಸಿದ ಕೈಗಳನ್ನು ಬಿಡಿಸಿ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗೇಟಿನ ಹೊರಗೆ ನಾನು ತಪ್ಪಾಯಿತು ಎಂದೆ. ಇಷ್ಟು ಹೊತ್ತು ಹೇಳಿದ ಮಾತುಗಳಲ್ಲಿ ಆ ಒಂದು ಮಾತೇ ಬಾಕಿಯಿತ್ತು. ಕಲ್ಲವ್ವ ನನ್ನನ್ನು ನೋಡಲಿಲ್ಲ.

“ನಂಗೆ ಹೇಳಿ ಎಂತ ಮಾಡ್ತೀರಿ. ಅವಳಿಗೆ ಹೇಳಿ,” ಎಂದಳು.

ರಸ್ತೆಯ ಮೇಲೆ, ಬಸ್ಸು ಲಾರಿಗಳ ಗಲಾಟೆಯ ನಡುವೆ, ಮಗುವಿನ ಎತ್ತರಕ್ಕೆ ಬಗ್ಗಿ ಕೂತೆ. ನೀನು ವೇದಿಕೆಯಲ್ಲಿ ಹೇಳಿದೆಯಲ್ಲ, ಅದನ್ನು ಬರೆದವಳು ನಾನು ಎಂದೆ. ಅದು ಸುಳ್ಳು, ನಾನು ನಿಮ್ಮ ಮನೆ ನೋಡಿರಲೇ ಇಲ್ಲ, ನಿಮ್ಮಮ್ಮ ಅಂಥವಳಲ್ಲ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಸಿಟ್ಟಿಲ್ಲದೆ ನಾನು ಮಾಡಿದ ಮೊದಲ ಪಾಠ ಅದು. ಸಮೃದ್ಧಿ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು, ಆಮೇಲೆ ತಾಯಿಯನ್ನು ನೋಡಿದಳು.

“ಸುಳ್ಳಾದ್ರೆ,” ಎಂದು ಕೇಳಿದಳು, “ನಂಗೆ ಅದಕ್ಕೆ ಫಸ್ಟ್ ಪ್ರೈಜ್ ಯಾಕೆ ಕೊಟ್ರು?”