ತೆರೆಯದ ಪೆಟ್ಟಿಗೆ

ಸೇಡಂನ ಕೋಚಿಂಗ್ ಕ್ಲಾಸಿನಲ್ಲಿ ಸಂದರ್ಶನದ ತಾಲೀಮು ನಡೆದಿತ್ತು.

"ಮಿಲಿಟ್ರಿಯಾಗ ಆಫೀಸರ್ ಯಾಕ ಆಗಬೇಕು, ಶಿವರಂಜನಿ?" ಎಂದರು ಸಿದ್ಧಲಿಂಗ ಸರ್.

ದೇಶಸೇವೆಯ ಉತ್ತರ ಬಾಯಿಪಾಠವಾಗಿತ್ತು. ಅದನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ.

"ಅಣ್ಣ ಗಡಿಯಾಗ ಸತ್ತಾಗ, ಪೆಟ್ಟಿಗಿ ತೆಗೀಬ್ಯಾಡ್ರಿ ಅಂತ ಆಫೀಸರ್ ಹುಕುಂ ಇತ್ರಿ. ನಮ್ಮ ಲಿಂಗಾಯತರಾಗ ಹೆಣ ಕುಂದ್ರಿಸಿ ಮಣ್ಣು ಕೊಡ್ತಾರ. ಅವ್ವ ಎಷ್ಟು ಬೇಡಿಕೊಂಡ್ರೂ ಅಣ್ಣನ್ನ ಪೆಟ್ಟಿಗಿ ಸಮೇತ ಮಲಗಿಸೇ ಹೂಳಿದ್ರು."

"ನೀ ಆಫೀಸರ್ ಆದ್ರ ಪೆಟ್ಟಿಗಿ ತೆಗಸ್ತಿಯೇನು?"

"ಇಲ್ರಿ. ಕುಂದ್ರಿಸಲಿಕ್ಕ ಒಳಗ ಏನೂ ಉಳಿದಿಲ್ಲ ಅಂದ್ರ, ಸತ್ತವರ ಅವ್ವನ ಎದುರು ಕುಂತು ಹೇಳ್ತೀನಿ. ನಮಗ ಯಾರೂ ಹೇಳಲಿಲ್ಲ."

ಸರ್ ಕೈಯಲ್ಲಿದ್ದ ಪ್ರಶ್ನೆಗಳ ಹಾಳೆಯನ್ನು ಮಡಚಿಟ್ಟರು. "ಅವ್ವ ಈಗ ಹ್ಯಾಂಗದಾರ?"

"ಅವತ್ತಿನಿಂದ ನೆಲಕ್ಕ ಬೆನ್ನು ಹಚ್ಚಿಲ್ರಿ. ಗ್ವಾಡಿಗೆ ಒರಗಿ ಕುಂತೇ ನಿದ್ದಿ ಮಾಡ್ತಾಳ."